ಹೆಸರಿಲ್ಲದ ಸಲ್ಲಿಕೆ 2117

"ಹೊಸ ಸಲ್ಲಿಕೆಗಳಿಗೆ ಏನು ಹೆಸರು ಬೇಕಾದ್ರೂ ಇಡಿ. ಹಳೇದನ್ನ ಮಾತ್ರ ಮುಟ್ಟಬೇಡಿ," ಎಂದರು ಶಶಿಕುಮಾರ್.

ಪ್ರಿಯಂವದಾ ಅವರ ಮುಖ ನೋಡಿದಳು. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಆದರೂ ಹಣೆಯ ಮೇಲೆ ಬೆವರು.

"ಯಾಕೆ ಸರ್?"

"ಸುಮ್ನೆ ಯಾಕೆ ಕೆದಕೋದು ಅಂತ."

ಅಷ್ಟು ಸಾಕಿತ್ತು ಅವಳಿಗೆ.

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ, ಹಳೆಯ ಮನೆಯೊಂದರ ಮಹಡಿಯಲ್ಲಿ ಅವರ ಕಂಪನಿ. ಇಪ್ಪತ್ತು ಜನ. ನರ್ಸಿಂಗ್ ಹೋಮ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಕೋಡಿನಲ್ಲಿ ಯಾರು ಏನು ಬದಲಿಸಿದರೂ ಅದೊಂದು ಪ್ಯಾಚ್. ನಾಲ್ಕಾರು ಜನರ ಪ್ಯಾಚ್‌ಗಳನ್ನು ಒಬ್ಬರು ಒಟ್ಟು ಮಾಡಿ ಕಳಿಸಿದರೆ ಅದೊಂದು ಸಲ್ಲಿಕೆ. ಇವನ್ನೆಲ್ಲ ಪಟ್ಟಿ ಮಾಡಿಡಲು ಒಂದು ಟೂಲ್ ಇತ್ತು. ಕಳಿಸುವವರು ಹೆಸರು ಕೊಡದಿದ್ದರೆ ಅದು ತಾನೇ 'ಹೆಸರಿಲ್ಲದ ಸಲ್ಲಿಕೆ' ಎಂದು ಬರೆದು ಒಂದು ನಂಬರ್ ಹಾಕುತ್ತಿತ್ತು. ಕಳಿಸಿದವರು ಯಾರೆಂದು ತೋರಿಸುತ್ತಿತ್ತು, ಬರೆದವರು ಯಾರೆಂದು ತೋರಿಸುತ್ತಿರಲಿಲ್ಲ. ಹೆಸರು ಕೊಡುವ ತಾಳ್ಮೆ ಯಾರಿಗೂ ಇರಲಿಲ್ಲ. ಪಟ್ಟಿಯ ತುಂಬ ಹೆಸರಿಲ್ಲದವೇ.

ಇದನ್ನು ಸರಿಪಡಿಸುವ ಕೆಲಸವನ್ನು ಪ್ರಿಯಂವದಾ ತಾನಾಗಿ ಕೇಳಿ ಪಡೆದಿದ್ದಳು. ಕೇಳಿದ್ದು ಒಂದೇ ಒಂದು ಸಲ್ಲಿಕೆಗಾಗಿ.

ಒಂದೂವರೆ ವರ್ಷದ ಹಿಂದೆ, 2117ನೇ ಸಲ್ಲಿಕೆ ಹೋದ ವಾರ, ಒಂದು ನರ್ಸಿಂಗ್ ಹೋಮ್‌ನ ಔಷಧಿ ಚೀಟಿಯಲ್ಲಿ 2.5 ಎಂಎಲ್ ಎನ್ನುವುದು 25 ಎಂದು ಅಚ್ಚಾಯಿತು. ನಾಲ್ಕು ವರ್ಷದ ಹೆಣ್ಣುಮಗು. ಒಂಬತ್ತು ದಿನ ಐಸಿಯುನಲ್ಲಿತ್ತು. ಬದುಕಿತು. ಎರಡೂ ಕಿವಿ ಹೋದವು.

ಕಂಪನಿಯಲ್ಲಿ ವಿಚಾರಣೆ ನಡೆಯಿತು. ತಪ್ಪು ಇದ್ದದ್ದು ಆ ಸಲ್ಲಿಕೆಯ ಮೊದಲ ಪ್ಯಾಚಿನಲ್ಲಿ. ಸಲ್ಲಿಕೆಯನ್ನು ಕಳಿಸಿದವನು ವಂಶಿ.

"ಬರೆದಿದ್ದೂ ನಾನೇ," ಎಂದ ಅವನು, ಯಾರೂ ಕೇಳುವ ಮೊದಲೇ.

ಅಂದು ಮಧ್ಯಾಹ್ನವೇ ಅವನನ್ನು ಮನೆಗೆ ಕಳಿಸಿದರು. ಹಳೆಯ ಸಲ್ಲಿಕೆಗಳಿಗೆಲ್ಲ ಬೀಗ ಬಿತ್ತು. ಮಾಲೀಕ ನಾರಾಯಣಪ್ಪನವರ ಲಾಗಿನ್ ಬಿಟ್ಟರೆ ಇನ್ನಾರಿಗೂ ಅವು ತೆರೆಯುತ್ತಿರಲಿಲ್ಲ.

ಪ್ರಿಯಂವದಾ ಅವನ ಮಾತು ನಂಬಲಿಲ್ಲ. ವಂಶಿ ಬಿಲ್ಲಿಂಗ್ ಭಾಗದವನು. ಔಷಧಿ ಚೀಟಿಯ ತಂಟೆಗೆ ಹೋದವನೇ ಅಲ್ಲ. ಅವಳು ಸೇರಿ ಆಗಿನ್ನೂ ಒಂದು ತಿಂಗಳು. ಪಕ್ಕದಲ್ಲಿ ಕೂತು ಕೆಲಸ ಕಲಿಸಿದವನು ಅವನು. ಅಕ್ಷರದ ಗಾತ್ರ, ಅಂಚು, ಸಾಲು ಅಂತ ಹೊಸಬಳ ಪಾಲಿಗೆ ದಿನಕ್ಕೆ ಹತ್ತಾರು ಬರುತ್ತಿದ್ದ, ಮಾಡಿ ಮರೆಯುವಂಥ ಚಿಲ್ಲರೆ ಕೆಲಸವನ್ನೂ ತನ್ನದರ ಜೊತೆ ಸೇರಿಸಿ ಕಳಿಸುತ್ತಿದ್ದವನು ಅವನು. ಅಂಥವನು ಯಾರದೋ ಪಾಪ ಹೊತ್ತು ಹೋದ. ಔಷಧಿ ಭಾಗದ ಮುಖ್ಯಸ್ಥರು ಶಶಿಕುಮಾರ್. ಅವರ ಮೇಲೆ ಒಂದು ಗೀರೂ ಬೀಳಲಿಲ್ಲ. ಮೂರೇ ತಿಂಗಳಿಗೆ ಬಡ್ತಿ ಬೇರೆ.

ಅಂದಿನಿಂದ ಅವಳು ಅವರಿಗೆ ದಿನವೂ ನಗುತ್ತಲೇ ನಮಸ್ಕಾರ ಹೇಳಿದ್ದಳು.

ಹೊಸ ನಿಯಮ ಸರಳವಾಗಿತ್ತು. ಸಲ್ಲಿಕೆಗೆ ಹೆಸರು ಕೊಡದಿದ್ದರೆ, ಅದರ ಮೊದಲ ಪ್ಯಾಚಿಗೆ ಬರೆದವರೇ ಇಟ್ಟ ಶೀರ್ಷಿಕೆ ತಾನಾಗಿ ಬರುತ್ತದೆ. ಪಕ್ಕದಲ್ಲಿ ಬರೆದವರ ಹೆಸರು. ಹಳೆಯವಕ್ಕೂ ಇದೇ ನಿಯಮ ಎಂದು ಅವಳು ನಾರಾಯಣಪ್ಪನವರನ್ನು ಒಪ್ಪಿಸಿದಳು.

ಶನಿವಾರ ಬಳೇಪೇಟೆಗೆ ಹೋದಳು. ಬೇರೆ ಯಾವ ಕಂಪನಿಯೂ ಸೇರಿಸಿಕೊಳ್ಳದೆ ವಂಶಿ ಸೋದರಮಾವನ ಬಳೆ ಅಂಗಡಿ ಸೇರಿದ್ದ. ಗಾಜಿನ ಬಳೆಗಳ ಪೆಟ್ಟಿಗೆಗೆ ಹುಲ್ಲು ತುಂಬುತ್ತಿದ್ದವನು ಅವಳ ಮಾತು ಕೇಳಿ ಕೈ ನಿಲ್ಲಿಸಿದ.

"ಬಿಟ್ಬಿಡು ಪ್ರಿಯಾ. ಆಗಿದ್ದು ಆಗೋಯ್ತು."

"ಹೆದರಿಸಿದಾರಾ ನಿನ್ನ?"

"ಯಾರೂ ಹೆದರಿಸಿಲ್ಲ. ಆ ಹೆಸರು ಹೊರಗೆ ಬಂದ್ರೆ ಒಂದು ಜೀವನ ಮುಗಿದೋಗತ್ತೆ ಕಣೆ."

"ಮುಗೀಲಿ. ಅದಕ್ಕೇ ಮಾಡ್ತಿರೋದು."

ಅವನು ಏನೋ ಹೇಳಲು ಬಾಯಿ ತೆರೆದ. ಅವಳಾಗಲೇ ಅಂಗಡಿಯ ಮೆಟ್ಟಿಲಿಳಿದಿದ್ದಳು. ಅಲ್ಲಿಂದ ನೇರ ಮಾವಳ್ಳಿಗೆ, ಆ ಮಗುವಿನ ತಂದೆ ಕೈಲಾಸ್ ಅವರ ಮನೆಗೆ.

ಸೋಮವಾರ ಬೆಳಿಗ್ಗೆ ವಂಶಿ ಆರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

ಹನ್ನೊಂದು ಗಂಟೆಗೆ ಮೀಟಿಂಗ್. ಹಳೆಯ ಸಲ್ಲಿಕೆಗಳ ಬೀಗ ತೆಗೆದು ಹೊಸ ನಿಯಮ ಹಚ್ಚುವುದು ಅಲ್ಲೇ, ಎಲ್ಲರೆದುರು, ಗೋಡೆಯ ದೊಡ್ಡ ಪರದೆಯ ಮೇಲೆ. ಬಾಗಿಲಲ್ಲಿ ಕೈಲಾಸ್ ಅವರನ್ನು ಕಂಡು ನಾರಾಯಣಪ್ಪ ಬೆಚ್ಚಿದರು. ಆಮೇಲೆ ತಾವೇ ಎದ್ದು ಕುರ್ಚಿ ಎಳೆದು ಕೂರಿಸಿದರು. "ನಿಮಗೂ ಗೊತ್ತಾಗ್ಬೇಕಾದ್ದೇ. ಕೂತ್ಕೊಳ್ಳಿ."

"ಕರೆದ್ರೆ ತಿರುಗಿ ನೋಡಲ್ಲ ಸ್ವಾಮಿ ನನ್ನ ಮಗಳು," ಎಂದರು ಕೈಲಾಸ್. "ನಂಗೆ ಪರಿಹಾರ ಬೇಡ. ಆ ಹೆಸರು ಕೊಡಿ. ವಕೀಲರು ಕೆಳಗೇ ನಿಂತಿದಾರೆ." ಪ್ರಿಯಂವದಾಳತ್ತ ತಿರುಗಿ ಕೈ ಮುಗಿದರು. "ಈ ತಾಯಿಗೆ ಪುಣ್ಯ ಬರ್ಲಿ."

ಶಶಿಕುಮಾರ್ ಎದ್ದು ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಪ್ರಿಯಂವದಾ, ಒಂದ್ನಿಮಿಷ ಹೊರಗೆ ಬನ್ನಿ. ದಯವಿಟ್ಟು."

"ಇಲ್ಲೇ ಹೇಳಿ ಸರ್. ಎಲ್ಲರೂ ಕೇಳಲಿ."

"ಇಲ್ಲಿ ಹೇಳೋ ಹಾಗಿಲ್ಲ. ನಾನು ಒಬ್ಬರಿಗೆ ಮಾತು ಕೊಟ್ಟಿದೀನಿ."

"ಯಾರಿಗೆ ಏನು ಮಾತು ಅಂತ ಈಗ ಗೊತ್ತಾಗತ್ತಲ್ಲ."

ಅವರು ಕುಸಿದು ಕೂತರು. ಒಂದೂವರೆ ವರ್ಷ ಕಾದದ್ದಕ್ಕೆ ಅವಳಿಗೆ ಆ ದೃಶ್ಯವೇ ಹಬ್ಬದೂಟವಾಯಿತು. ಅವರ ಮುಖದಿಂದ ಕಣ್ಣು ಕೀಳದೆ, ಪರದೆಗೆ ಬೆನ್ನು ಹಾಕಿ ನಿಂತಳು. ಹೆಸರು ಬಿದ್ದಾಗ ಅವರು ಹೇಗೆ ಕಾಣುತ್ತಾರೆಂದು ನೋಡಬೇಕಿತ್ತು.

ನಾರಾಯಣಪ್ಪ ಪಾಸ್‌ವರ್ಡ್ ಹೊಡೆದು ಗುಂಡಿ ಒತ್ತಿದರು.

ಶಶಿಕುಮಾರ್ ಕಣ್ಣು ಮುಚ್ಚಿಕೊಂಡರು. ಕೈಲಾಸ್ ಕನ್ನಡಕ ಏರಿಸಿ, ಪರದೆಯ ಹತ್ತಿರ ಹೋಗಿ, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದರು:

"ಎರಡು ಸಾವಿರದ ನೂರ ಹದಿನೇಳು. ಚೀಟಿಯ ಅಂಕಿ ಒಂದೇ ಸಾಲಲ್ಲಿ ಕೂರಲೆಂದು ಚುಕ್ಕಿ ತೆಗೆದದ್ದು. ಬರೆದವರು, ಪ್ರಿಯಂವದಾ."