ಹುಣಸೆಹಣ್ಣು ಬೆರೆತ ಗುಳಿಗೆ

ಹುಣಸೆಹಣ್ಣು ಕಿವುಚುವಾಗ ಇಂದಿಗೂ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ಮಲ್ಲಿಪಟ್ಟಣದ ನಮ್ಮ ಮನೆಯಲ್ಲಿ ತಾತನಿಗೆ ಅಫೀಮಿನ ಚಟವಿತ್ತು. ಒಮ್ಮೆಗೇ ನಿಲ್ಲಿಸಿದಾಗ ಮೈಯೆಲ್ಲ ಬೆವೆತು, ನಡುಗಿ, ಅಜ್ಜಿ ಅಫೀಮು ಇಟ್ಟು ಬೀಗ ಹಾಕಿದ್ದ ಪೆಟ್ಟಿಗೆಯನ್ನೇ ಕೊಡಲಿಯಿಂದ ಒಡೆದಿದ್ದರು. ವಾರವಾರಕ್ಕೂ ಒಂದಿಷ್ಟು ಕಡಿಮೆ ಮಾಡುತ್ತಾ ಬನ್ನಿ ಎಂದು ಹಾಸನದ ಡಾಕ್ಟರು ಹೇಳಿದ ಮೇಲೆ ಅಜ್ಜಿ ಹೊಸ ದಾರಿ ಹಿಡಿದಳು. ಕಡಿಮೆ ಮಾಡಿದಷ್ಟು ಅಫೀಮಿನ ಜಾಗಕ್ಕೆ ಹಳೆಯ ಕರಿ ಹುಣಸೆಹಣ್ಣು ಬೆರೆಸಿ, ಗುಳಿಗೆಯನ್ನು ಮೊದಲಿನಷ್ಟೇ ದಪ್ಪಕ್ಕೆ ಉಂಡೆ ಕಟ್ಟುತ್ತಿದ್ದಳು.

"ತಾತುನ್ ಮುಂದೆ ಬಾಯ್ಬುಟ್ಟೀಯ, ಜ್ವಾಕೆ!" ಎಂದು ಆ ಮಧ್ಯಾಹ್ನ ಗುಳಿಗೆಯನ್ನು ನನ್ನ ಕೈಗಿಟ್ಟಳು.

ತಾತ ಮೂಗು ಸೋರಿಸಿಕೊಂಡು ಜಗಲಿಯ ಮೇಲೆ ಕಾಯುತ್ತಿದ್ದರು. ಗುಳಿಗೆಯನ್ನು ಬಾಯಿಗೆ ಹಾಕಿಕೊಂಡವರ ದವಡೆ ಥಟ್ಟನೆ ನಿಂತಿತು. ನನ್ನ ಕೈ ಎಳೆದುಕೊಂಡು ಬೆರಳು ಮೂಸಿದರು. ನನ್ನ ಕಣ್ಣು ಮೂಲೆಯಲ್ಲಿದ್ದ ಕೊಡಲಿಯ ಕಡೆಗೆ ಹೋಯಿತು.

"ಉಣ್ಸೆಹಣ್ಣು ಅಲ್ವೇನವ್ವಾ?"

ನಾನು ಒಳಬಾಗಿಲ ಕಡೆ ನೋಡಿದೆ. ಒಳಗೆ ಅಜ್ಜಿಯ ಬಳೆ ಸದ್ದು ನಿಂತಿತ್ತು.

ತಾತ ಕಣ್ಣು ಮುಚ್ಚಿ ನುಂಗಿದರು.

"ನಂಗೆ ಗೊತ್ತಾಯ್ತು ಅಂತ ನಿಮ್ಮಜ್ಜಿಗೆ ಯೋಳ್ಬ್ಯಾಡ ಕಣವ್ವ" ಎಂದು ಪಿಸುಗುಟ್ಟಿ, ನನ್ನ ಬೆರಳುಗಳನ್ನು ಒಂದೊಂದಾಗಿ ತಮ್ಮ ಪಂಚೆಯ ಅಂಚಿನಿಂದ ಒರೆಸಿ ಒಳಗೆ ಕಳಿಸಿದರು.