ಬಾಗಿಲ ಬದಿಯ ಇಟ್ಟಂಗಿ

ಊರ ಹಳೆಯ ಚಾವಡಿ ಕೆಡವುವ ದಿನ ಜನರೆಲ್ಲ ತಂತಮ್ಮ ಇಟ್ಟಂಗಿಗಾಗಿ ಬಂದು ನಿಂತಿದ್ದರು. ಗೋಡೆ ಬಿಡುವಾಗ ಇಟ್ಟಂಗಿ ತಾನು ಹಿಡಿದಿಟ್ಟ ಮಾತನ್ನು ಒಮ್ಮೆ ಆಡಿ ಬರಿದಾಗುತ್ತದೆ. ಆ ಹೊತ್ತಿಗೆ ಹತ್ತಿರವಿದ್ದವರಿಗಷ್ಟೇ ಅದು ದಕ್ಕೀತು.

ನೀಲವ್ವ ಬಾಗಿಲ ಬದಿಯದು ತನಗೆ ಬೇಕೆಂದು ಕೇಳಿಕೊಂಡಿದ್ದಳು. ಇದೇ ಚಾವಡಿಯಲ್ಲಿ ಮದುವೆಯಾದ ದಿನ ಗೆಳತಿಯರು ಅಲ್ಲಿ ಅಡ್ಡಗಟ್ಟಿ, ಗಂಡನ ಬಾಯಿಂದ ಅವಳ ಹೆಸರು ಹೇಳಿಸಿದ್ದರು. ಅದೇ ಮೊದಲು, ಅದೇ ಕೊನೆ. ಮುಂದಿನ ನಲವತ್ತು ವರ್ಷ, ಸಾಯುವ ದಿನದವರೆಗೂ, ಅವನು ಕರೆದದ್ದು "ಏ, ಕೇಳಿಸ್ತೇನ?" ಎಂದೇ.

"ಕಿವಿ ಕೊಡವ್ವಾ," ಎನ್ನುತ್ತ ಗೌಂಡಿ ಮೌಲಾಸಾಬ ಇಟ್ಟಂಗಿ ಎಬ್ಬಿಸಿದ.

ಹೆಂಗಸರ ನಗು ಕೇಳಿತು. ಅದರ ಹಿಂದೆಯೇ ನಾಚಿಕೊಂಡ ಗಂಡುದನಿ: "ನೀಲಾ."

ನೀಲವ್ವ ಬರಿದಾದ ಇಟ್ಟಂಗಿಯನ್ನು ಸೆರಗಿನಲ್ಲಿ ಅಪ್ಪಿಕೊಂಡಳು.

"ಮನೀಗೆ ಒಯ್ತಿಯೇನ?"

"ಬ್ಯಾಡಪಾ. ಹೊಸಾ ಚಾವಡೀಗೆ ಹಚ್ಚು. ಬಾಗಲಾ ಕಡೇನ."

ಮೌಲಾಸಾಬ ಪಕ್ಕದಲ್ಲೇ ಏಳುತ್ತಿದ್ದ ಹೊಸ ಚಾವಡಿಯ ಹಸಿ ಗೋಡೆಯಲ್ಲಿ ಅದನ್ನು ಕೂರಿಸಿದ. "ಒಂದು ಮಾತು ತುಂಬವ್ವಾ," ಎಂದು ಪದ್ಧತಿಯಂತೆ ದೂರ ಸರಿದ.

ಮದುವೆಯ ದಿನವೂ ಗಂಡನ ಹೆಸರನ್ನು ಒಡಪಿನ ಪ್ರಾಸದಲ್ಲಿ ಮರೆಮಾಡಿ ಹೇಳಿದ್ದ ನೀಲವ್ವ, ಈಗ ಇಟ್ಟಂಗಿಗೆ ತುಟಿ ತಾಗಿಸಿ, ಒಡಪಿಲ್ಲದೆ ಅಂದಳು: "ಗುರುಸಿದ್ದಪ್ಪ."

ಆಮೇಲೆ, ಇನ್ನೂ ಮೆಲ್ಲಗೆ: "ಕೇಳಿಸ್ತ್ರೀ."