ನೂರಕ್ಕೆ ಒಂದು

"ಹೆಸರಿಲ್ಲ," ಎಂದ ಕಂಪನಿ ಸಭೆಯ ಬಾಗಿಲಲ್ಲಿ ಕೂತಿದ್ದ ಪಟ್ಟಿಯಪ್ಪ. ತಲೆ ಎತ್ತಲಿಲ್ಲ.

"ಇನ್ನೊಂದ್ ಸಲ ನೋಡು."

"ಎಷ್ಟ್ ಸಲ ನೋಡಿದ್ರೂ ಅಷ್ಟೇ. ನಿಮ್ದು ಅರವತ್ತು ಷೇರಿತ್ತು. ನೂರಕ್ಕೆ ಒಂದು ಮಾಡಿದ್ರು. ಅರವತ್ತಕ್ಕೆ ಏನ್ ಬರುತ್ತೆ? ಚೆಕ್ ಬಂತಲ್ಲ, ಇಟ್ಕೊಂಡು ಸುಮ್ನಿರಿ ಅಮ್ಮ."

ಮೂಗಿನಲ್ಲಿ ಹೊರಡುವ ಆ ದನಿ ಸಾಲಿನ ಕೊನೆಯವರೆಗೂ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು.

ಗಂಡ ಬದುಕಿದ್ದಾಗ ಇದೇ ಪಟ್ಟಿಯಪ್ಪ ಅವಳನ್ನು ಬಾಯ್ತುಂಬ ಅತ್ತಿಗೆ ಅನ್ನುತ್ತಿದ್ದ. ಗಂಡ ಕಾಗದದ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು, ಇವನು ಷೇರುದಾರರ ಪಟ್ಟಿ ಬರೆಯುವ ಗುಮಾಸ್ತ. ಊಟಕ್ಕೆ ಇಬ್ಬರಿಗೂ ಒಂದೇ ಬೆಂಚು, ಅವಳು ಕಟ್ಟಿಕೊಟ್ಟ ಒಂದೇ ಡಬ್ಬಿ. ಬಾಯ್ಲರ್ ಸಿಡಿಯಿತು. ಗಂಡ ಹೋದ. ಅತ್ತಿಗೆ ಹೋಗಿ ಅಮ್ಮ ಬಂತು. ಸಂಬಳ ಕೊಡುವವರ ಮುಂದೆ ನಾಲಿಗೆ ಎಷ್ಟು ಬೇಗ ಹೊರಳುತ್ತದೆ!

ಬೋನಸ್ಸಿಗೆ ದುಡ್ಡಿಲ್ಲ ಎಂದು ಒಂದು ವರ್ಷ ಕಂಪನಿ ಕೂಲಿಯವರಿಗೂ ಗುಮಾಸ್ತರಿಗೂ ಷೇರು ಹಂಚಿ ಕೈತೊಳೆದುಕೊಂಡಿತ್ತು. ಮೂವತ್ತು, ನಲವತ್ತು, ಅರವತ್ತು. ಹೊಟ್ಟೆ ತುಂಬಿಸದ ಕಾಗದ. ಆದರೆ ಒಂದೇ ಒಂದು ಷೇರಿದ್ದರೂ ವಾರ್ಷಿಕ ಸಭೆಗೆ ಬಂದು ಅಧ್ಯಕ್ಷರ ಮುಖಕ್ಕೇ ಪ್ರಶ್ನೆ ಕೇಳಬಹುದು. ಗಂಡನ ಷೇರು ತನ್ನ ಹೆಸರಿಗೆ ಬಂದ ಮೇಲೆ ಅವಳು ಮೂರು ವರ್ಷ ಒಂದೇ ಪ್ರಶ್ನೆ ಕೇಳಿದಳು: ಅವತ್ತು ಬಾಯ್ಲರ್ ಹೊತ್ತಿಸು ಅಂದದ್ದು ಯಾರು? ಹೋದ ವರ್ಷ ಅಧ್ಯಕ್ಷರು ಬೇರೆ ದಾರಿ ಕಾಣದೆ, 'ಮುಂದಿನ ಸಭೆಯಲ್ಲಿ ಯಾವುದೇ ಷೇರುದಾರರು ಕೇಳಿದರೂ ದಾಖಲೆ ಸಮೇತ ಉತ್ತರಿಸುತ್ತೇವೆ' ಎಂದು ಸಭೆಯ ಪುಸ್ತಕದಲ್ಲಿ ಬರೆಸಿದರು. ಆ ಉತ್ತರ ಕೈಗೆ ಬಂದರೆ ಕೋರ್ಟಿನಲ್ಲಿ ಕೇಸು ಗಟ್ಟಿಯಾಗುತ್ತದೆ ಎಂದಿದ್ದರು ವಕೀಲರು.

ಆಮೇಲೆ ಬಂತು ನೋಟೀಸು. ನೂರು ಹಳೆಯ ಷೇರಿಗೆ ಒಂದು ಹೊಸ ಷೇರು. ಬೆಲೆ ನೂರು ಪಟ್ಟು, ಕಂಪನಿಗೆ ಗೌರವ ಎಂದು ಮೊದಲ ಪುಟದಲ್ಲಿ ದಪ್ಪಕ್ಷರ. ನೂರು ಇಲ್ಲದವರಿಗೆ ಚಿಲ್ಲರೆ ಕೊಟ್ಟು ಪಟ್ಟಿಯಿಂದ ತೆಗೆಯಲಾಗುವುದು ಎಂದು ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರ. ಕೆಲಸದವರಲ್ಲಿ ಯಾರ ಹತ್ತಿರವೂ ನೂರಿರಲಿಲ್ಲ. ಅದನ್ನು ಲೆಕ್ಕ ಹಾಕಿ ಕಂಪನಿಯ ಕಾರ್ಯದರ್ಶಿಗೆ ಒಪ್ಪಿಸಿದವನೂ ಪಟ್ಟಿಯಪ್ಪನೇ. ಪಟ್ಟಿ ಬರೆಯುವವನು ಅವನು, ಓದಿ ಹೇಳುವವನೂ ಅವನು.

"ಆ ಹೆಂಗಸಿನ ಹೆಸರಿಗೆ ಒಂದು ಷೇರು ಜಾಸ್ತಿಯಾದ್ರೂ ನಂಗೆ ಹೇಳು, ತಡೀತೀನಿ," ಎಂದಿದ್ದರು ಕಾರ್ಯದರ್ಶಿ.

"ಹೇಳ್ತೀನಿ ಸಾರ್."

ಅಷ್ಟು ಸಾಲದೆಂದು ಅದೇ ವಾರ ಅವನು ಕೆಲಸದವರ ಬಾಗಿಲು ತಟ್ಟಿದ. "ಹೇಗೂ ರದ್ದಿಗೆ ಹೋಗೋ ಕಾಗದ, ನಂಗ್ ಕೊಟ್ಬಿಡಿ." ನಾಲ್ಕು ಮನೆಯವರು ಕೊಟ್ಟರು. ಹೆಣದ ಮೈಮೇಲಿನ ಒಡವೆ ಬಿಚ್ಚುವ ಜಾತಿ ಇದು ಎಂದು ಬೆನ್ನ ಹಿಂದೆ ಉಗಿದರು. ಅವಳ ಮನೆಗೆ ಮಾತ್ರ ಅವನು ಬರಲಿಲ್ಲ. ಬರಲು ಮುಖ ಬೇಕಲ್ಲ!

"ನಾಲ್ಕೇ ಸಾಲು ಬರ್ಕೊಂಡ್ ಬಂದಿದೀನಿ ಕಣೋ," ಈಗ ಅವಳು ಮಡಿಸಿದ ಹಾಳೆಯನ್ನು ಅವನ ಮುಖದ ಮುಂದೆ ಹಿಡಿದಳು. "ಕೇಳಿ ಹೊರಟ್ಹೋಗ್ತೀನಿ."

ಅವನು ಹಾಳೆಯನ್ನು ಕಿತ್ತುಕೊಂಡ. ಮೇಲಿನ ಜೇಬಿಗೆ ತುರುಕಿದ. "ಮುಂದಿನವರು ಬನ್ನಿ."

"ಥೂ! ನಾನ್ ಕಟ್ಟಿದ ಡಬ್ಬೀಲಿ ಉಂಡ ಕೈ ಅಲ್ವೇನೋ ಅದು?"

ಆ ಕೈ ಒಂದು ಕ್ಷಣ ತಡೆದು ನಿಂತಿತು. ಆಮೇಲೆ ಅಂಗಳದ ಧ್ವನಿವರ್ಧಕದ ಕಡೆ ತೋರಿಸಿತು. "ಕೇಳೋದಿದ್ರೆ ಅಲ್ಲಿ ಕೂತು ಕೇಳಿ. ಇಲ್ಲಿ ದಾರಿ ಬಿಡಿ."

ಕಾರ್ಯದರ್ಶಿ ಬಾಗಿಲಿಗೆ ಬಂದರು. ಅಂಗಳಕ್ಕೆ ನಡೆಯುತ್ತಿದ್ದ ಅವಳ ಬೆನ್ನು ನೋಡಿ ಮೀಸೆಯಡಿ ನಕ್ಕರು.

"ಕೆಲಸದವರಲ್ಲಿ ಪಟ್ಟೀಲಿ ಯಾರಾದ್ರೂ ಉಳಿದಿದಾರೇನೋ?"

"ಒಬ್ಬ ಉಳಿದಿದಾನೆ ಸಾರ್."

"ಬಾಯಿ ಜೋರಾ?"

"ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ಬಾಯಿ ಬಿಟ್ಟಿಲ್ಲ."

"ಹಂಗಾದ್ರೆ ಇರ್ಲಿ ಬಿಡು. ಬಾಗಿಲು ಹಾಕು."

ಅಂಗಳದ ಸಿಮೆಂಟು ಕಟ್ಟೆಯ ಮೇಲೆ ಅವಳು ಕೂತಳು. ಧ್ವನಿವರ್ಧಕ ಲಾಭ ಓದಿತು, ಅಭಿನಂದನೆ ಓದಿತು, ಚಪ್ಪಾಳೆ ತಟ್ಟಿತು. ಕೊನೆಗೆ ಅಧ್ಯಕ್ಷರ ದನಿ, ಬೆಣ್ಣೆ ಸವರಿದಂತೆ: "ಷೇರುದಾರರಿಂದ ಪ್ರಶ್ನೆಗಳೇನಾದರೂ ಇವೆಯೇ? ಇಲ್ಲವೆಂದರೆ ಸಭೆ ಮುಗಿಸೋಣ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ಕುರ್ಚಿ ಸರಿದ ಸದ್ದು. ಮೈಕಿನ ಹತ್ತಿರ ಹಾಳೆ ಬಿಚ್ಚಿದ ಸದ್ದು. "ಏಯ್, ನೀನ್ಯಾಕೋ ಎದ್ದೆ? ಕೂತ್ಕೋ!" ಇದು ಕಾರ್ಯದರ್ಶಿ.

"ನಂದೂ ಒಂದು ಷೇರಿದೆ ಸಾರ್, ಪಟ್ಟೀಲಿ ನೋಡ್ಕೊಳ್ಳಿ," ಎಂದಿತು ಮೂಗಿನಲ್ಲಿ ಹೊರಡುವ ದನಿ. "ನಮ್ಮ ಅತ್ತಿಗೆ ಬರೆದದ್ದು ಓದ್ತೀನಿ, ಸಭೆ ಪುಸ್ತಕದಲ್ಲಿ ಬರ್ಕೊಳ್ಳಿ: ಅವತ್ತು ಬಾಯ್ಲರ್ ಹೊತ್ತಿಸು ಅಂದದ್ದು ಯಾರು?"